ಕದದ ಅಗುಳಿ

ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಉಸಿರಾಟವನ್ನು ಗಮನಿಸುತ್ತ ಕುಳಿತುಕೊಳ್ಳುವುದು ಕೆಲವು ತಿಂಗಳಿಂದ ನನ್ನ ರೂಢಿ. ಮನಸ್ಸು ಮೊದಲಿಗಿಂತ ತಿಳಿಯಾಗಿದೆಯೆಂದು ಒಳಗೊಳಗೇ ಹೆಮ್ಮೆಯೂ ಇತ್ತು. ಮೊನ್ನೆ ಆ ಹೆಮ್ಮೆಗೆ ಪೆಟ್ಟು ಬಿತ್ತು. ಪಾತ್ರೆ ತೊಳೆಯುವಾಕೆ ತಡಮಾಡಿದಳೆಂದು ಧ್ಯಾನದಿಂದ ಎದ್ದವನೇ ರೇಗಿಬಿಟ್ಟೆ. ಆಕೆ ಮೆಲ್ಲಗೆ, "ಹೊತ್ತಿಗೇ ಬಂದಿದ್ದೆ ಸ್ವಾಮಿ. ನೀವು ಕೂತಿದ್ದಿರಿ, ಅದಕ್ಕೇ ಕದ ತಟ್ಟಲಿಲ್ಲ" ಎಂದಳು.

ಮಜ್ಝಿಮ ನಿಕಾಯದ 21ನೆಯ ಸುತ್ತದಲ್ಲಿ ಬುದ್ಧನು ಹೇಳುವ ಕಥೆಯೊಂದುಂಟು. ಶ್ರಾವಸ್ತಿಯ ವೇದೇಹಿಕೆ ಎಂಬ ಗೃಹಿಣಿ ಸೌಮ್ಯಳೆಂದು ಹೆಸರಾದವಳು. ಅವಳ ದಾಸಿ ಕಾಳಿಗೊಂದು ಸಂದೇಹ: ಒಡತಿಗೆ ಕೋಪವೇ ಇಲ್ಲವೋ, ನನ್ನ ಕೆಲಸ ಅಚ್ಚುಕಟ್ಟಾಗಿರುವುದರಿಂದ ಅದು ಹೊರಗೆ ಕಾಣುತ್ತಿಲ್ಲವೋ? ಪರೀಕ್ಷಿಸಲೆಂದು ಒಂದು ದಿನ ಹೊತ್ತೇರಿದ ಮೇಲೆ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಮತ್ತೂ ತಡವಾಗಿ ಎದ್ದಳು, ಬೈಗುಳ ಬಿತ್ತು. ಮೂರನೆಯ ಸಲ ವೇದೇಹಿಕೆ ಕದದ ಅಗುಳಿಯಿಂದಲೇ ಅವಳ ತಲೆಯೊಡೆದಳು.

ಹಿಂದೆ ಇದನ್ನೋದಿ ನಕ್ಕಿದ್ದೆ. ಈಗ ನಗು ಬರಲಿಲ್ಲ. ನನ್ನ ಶಾಂತಿಯಲ್ಲಿ ನನ್ನದೆಷ್ಟು, ಆಕೆಯ ದುಡಿಮೆಯದೆಷ್ಟು? ನಾನು ಒಳಗೆ ಮೈತ್ರಿಯನ್ನು ಭಾವಿಸುತ್ತಿದ್ದಾಗ ಆಕೆ ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಮುಂದಿನ ಮನೆಯಲ್ಲೂ ತಡವಾಯಿತೆಂದು ಬೈಸಿಕೊಂಡಿರಬೇಕು. ಉಸಿರಿನಿಂದ ಆರಂಭಿಸುವ ಸತಿಪಟ್ಠಾನ ಸುತ್ತ, ನಡೆಯುವಾಗಲೂ ಉಣ್ಣುವಾಗಲೂ ಮಾತನಾಡುವಾಗಲೂ ಎಚ್ಚರವಿರಲೆನ್ನುತ್ತದೆ. ಉಸಿರಿನ ಪಾಠವನ್ನಷ್ಟೇ ಕಲಿತು ನಾನು ಪುಸ್ತಕ ಮಡಿಸಿಟ್ಟಿದ್ದೆ.

ಮರುದಿನ ಆಕೆಯ ಕ್ಷಮೆ ಕೇಳಿದೆ. ಆಕೆಗೇ ಸಂಕೋಚವಾಯಿತು. ಧ್ಯಾನವನ್ನು ಬಿಟ್ಟಿಲ್ಲ. ಕೂರುವ ಮೊದಲು ಕದದ ಅಗುಳಿ ತೆಗೆದಿಡುತ್ತೇನೆ. ಪಾತ್ರೆಗಳ ಸದ್ದು ಕೇಳಿಸುತ್ತದೆ. ಉಸಿರಿನ ಜೊತೆಗೆ ಅದನ್ನೂ ಗಮನಿಸುತ್ತೇನೆ.