ಒಳಗೆ ಕೂತವನು ಎಲ್ಲಿ?

ಮುಂಬಯಿಯ ಮಳೆಗಾಲದಲ್ಲಿ ವಿಮಾನಕ್ಕೆ ಬಣ್ಣ ಹಚ್ಚಲು ಹೋಗಬಾರದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಇಲ್ಲಿಯ ಗಾಳಿಯಲ್ಲಿ ಎಷ್ಟು ನೀರಿರುತ್ತದೆಂದರೆ, ಲ್ಯಾಕರ್ ಬಣ್ಣ ಆರುವ ಮೊದಲೇ ಅದರ ಮೇಲೆ ಹಾಲಿನ ಕೆನೆಯಂಥ ಮಸುಕು ಕೂತುಬಿಡುತ್ತದೆ. ಎನಾಮಲ್ ಹಚ್ಚಿದರೆ ಮೂರು ದಿನ ಕಳೆದರೂ ಬೆರಳು ಅಂಟುತ್ತದೆ. ಹಾಗಾಗಿ ಉಪನಗರಗಳ ಸಣ್ಣ ಸಣ್ಣ ಮನೆಗಳಲ್ಲಿ ಈ ಚಟ ಹಿಡಿಸಿಕೊಂಡ ನಮ್ಮಂಥವರು ಮಳೆಗಾಲದಲ್ಲಿ ಕತ್ತರಿಸುವುದು, ಉಜ್ಜುವುದು, ಅಂಟಿಸುವುದು ಇಷ್ಟನ್ನು ಮುಗಿಸಿ, ದೀಪಾವಳಿ ಕಳೆದ ಮೇಲೆ ಬಣ್ಣದ ಡಬ್ಬಿ ತೆಗೆಯುತ್ತೇವೆ.

ಊರಿನಲ್ಲಿರುವ ಓದುಗರಿಗೆ ಇದೇನು ಚಟ ಎಂದು ಹೇಳಬೇಕು. ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ ಸಿಗುತ್ತದೆ. ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆ. ಹನ್ನೆರಡು ಮೀಟರ್ ರೆಕ್ಕೆಯ ವಿಮಾನ ಹದಿನೇಳು ಸೆಂಟಿಮೀಟರಿಗಿಂತ ಕಡಿಮೆಯಾಗಿ, ಮಡಿಸಿದ ಪೇಪರಿನ ಮೇಲೆ ಕೂರುತ್ತದೆ. ಹಗಲು ಸೋಫಾ, ರಾತ್ರಿ ಮಂಚ ಆಗುವ ಈ ಊರಿನ ಮನೆಗಳಿಗೆ ಹೇಳಿ ಮಾಡಿಸಿದ ಹವ್ಯಾಸ ಅನ್ನಿ. ಟ್ಯಾಂಕು, ಹಡಗು, ಕಾರು ಎಲ್ಲದರ ಕಿಟ್ಟೂ ಸಿಗುತ್ತವೆ. ನಾನು ಕಟ್ಟುವುದು ಎರಡನೇ ಮಹಾಯುದ್ಧದ ಜಪಾನಿ ವಿಮಾನಗಳನ್ನು ಮಾತ್ರ. ಯಾಕೆ ಎಂದು ಕೇಳಿದರೆ ನನ್ನಲ್ಲಿರುವುದು ಒಂದೇ ಉತ್ತರ: ಅವು ಚೆಲುವಾಗಿವೆ. ಕೊಲ್ಲುವುದಕ್ಕೆಂದೇ ಮಾಡಿದ ವಸ್ತುವಿನ ಬಗ್ಗೆ ಈ ಮಾತು ಆಡಬಹುದೇ ಎಂಬುದೇ ಈಗ ನನ್ನ ಮುಂದಿರುವ ಪ್ರಶ್ನೆ.

ಮಿತ್ಸುಬಿಷಿಯ ಝೀರೋ ಯುದ್ಧವಿಮಾನವನ್ನು ವಿನ್ಯಾಸ ಮಾಡಿದವನು ಜಿರೋ ಹೊರಿಕೋಶಿ. ಜಪಾನಿನ ಚಕ್ರವರ್ತಿ ಶಕೆಯ 2600ನೇ ವರ್ಷ, ಅಂದರೆ 1940ರಲ್ಲಿ ಸೇನೆಗೆ ಸೇರಿದ್ದರಿಂದ ಕೊನೆಯ ಸೊನ್ನೆ ಅದರ ಹೆಸರಾಯಿತು. ಮೊದಲ ಹಾರಾಟ 1939ರ ಏಪ್ರಿಲ್ 1ರಂದು. ಅದಕ್ಕೆ ಮುಂಚೆ ನಗೋಯಾದ ಕಾರ್ಖಾನೆಯಿಂದ ಕಾಗಾಮಿಗಾಹಾರಾದ ಮೈದಾನಕ್ಕೆ, ಸುಮಾರು 48 ಕಿಲೋಮೀಟರ್ ದೂರ, ಅದನ್ನು ಬಿಚ್ಚಿ ಎತ್ತಿನ ಗಾಡಿಯಲ್ಲಿ ಸಾಗಿಸಿದರು. ರಸ್ತೆ ಸರಿಯಿರಲಿಲ್ಲ, ಲಾರಿಯ ಕುಲುಕಾಟಕ್ಕೆ ಪೆಟ್ಟಾದೀತೆಂಬ ಭಯ. ಆ ಕಾಲಕ್ಕೆ ಲೋಕದಲ್ಲೇ ಮುಂದಿದ್ದ ಯುದ್ಧವಿಮಾನಗಳಲ್ಲೊಂದು ರಾತ್ರಿಯಿಡೀ ಎತ್ತುಗಳ ಹಿಂದೆ ನಡೆದುಹೋಗುವ ಈ ಚಿತ್ರ ನನಗೆ ಬಹಳ ಇಷ್ಟ. ಅಡಿಕೆ ಮೂಟೆ ಹೋಗುವ ಹಾಗೆ.

ನೌಕಾಪಡೆ ಕೇಳಿದ್ದು ವೇಗ, ದೂರ, ಚುರುಕು ಮೂರನ್ನೂ. ಕೈಯಲ್ಲಿದ್ದ ಎಂಜಿನ್ ಸಾವಿರ ಅಶ್ವಶಕ್ತಿಗೂ ಕಡಿಮೆಯದು. ಉಳಿದದ್ದು ಒಂದೇ ದಾರಿ, ತೂಕ ಇಳಿಸುವುದು. ಹೊರಿಕೋಶಿ ಗ್ರಾಂ ಗ್ರಾಂ ಲೆಕ್ಕದಲ್ಲಿ ಇಳಿಸಿದ. ಪೈಲಟ್ಟಿನ ಬೆನ್ನಿನ ಹಿಂದೆ ಉಕ್ಕಿನ ಹಲಗೆ ಇಲ್ಲ. ಗುಂಡು ತಗಲಿದರೆ ತಾನೇ ಮುಚ್ಚಿಕೊಳ್ಳುವ ಪೆಟ್ರೋಲ್ ಟ್ಯಾಂಕ್ ಇಲ್ಲ. ಸೀಟಿಗೂ ಸಾಲು ಸಾಲು ತೂತು ಕೊರೆಸಿದರು. ನಾವು ಬೆರಗಾಗುವ ಆ ತೆಳುವಾದ ಮೈ, ಆ ಹಗುರ, ಎಲ್ಲವೂ ಒಳಗೆ ಕೂರುವವನ ರಕ್ಷಣೆಯನ್ನು ಕಳೆದು ಪಡೆದದ್ದು. ಇದು ಹೊರಿಕೋಶಿಯೊಬ್ಬನ ಕ್ರೌರ್ಯ ಎಂದು ನಾನು ಹೇಳುವುದಿಲ್ಲ. ಕೇಳಿದವರು ಹಾಗೆ ಕೇಳಿದರು, ಅವನು ಲೆಕ್ಕ ಬಿಡಿಸಿದ. 2013ರಲ್ಲಿ ಹಯಾವೊ ಮಿಯಾಝಾಕಿ ಅವನ ಕಥೆಯನ್ನು ಸಿನಿಮಾ ಮಾಡಿದಾಗ ಯುದ್ಧವನ್ನು ಮರೆಸಿದ ಎಂದು ಕೆಲವರು ಬೈದರು, ದೇಶದ್ರೋಹಿ ಎಂದು ಇನ್ನು ಕೆಲವರು ಬೈದರು. ಮಿಯಾಝಾಕಿಯ ತಂದೆಯ ಕಾರ್ಖಾನೆಯಲ್ಲೇ ಝೀರೋದ ಭಾಗಗಳು ತಯಾರಾಗುತ್ತಿದ್ದವು. ಚೆಲುವು ಮತ್ತು ಪಾಪ ಎರಡೂ ಒಂದೇ ಮನೆಯಲ್ಲಿ ಊಟ ಮಾಡಿದ ಉದಾಹರಣೆ ಬೇಕಿದ್ದರೆ ಇದಕ್ಕಿಂತ ಬೇರೆ ಬೇಡ.

ಈ ಹವ್ಯಾಸಿಗಳ ನಿಷ್ಠೆ ನೋಡಬೇಕು. ಜಪಾನಿ ವಿಮಾನಗಳ ಒಳಭಾಗಕ್ಕೆ ತುಕ್ಕು ಹಿಡಿಯದಂತೆ ಹಚ್ಚುತ್ತಿದ್ದ ‘ಆವೋತಾಕೆ’ ಎಂಬ ಬಣ್ಣವಿದೆ, ಹಸಿ ಬಿದಿರಿನ ನೀಲಿ ಹಸಿರು, ಕೆಳಗಿನ ಲೋಹ ಕಾಣುವಷ್ಟು ಪಾರದರ್ಶಕ. ಅದನ್ನು ತರಿಸಲು ಬೆಳ್ಳಿ ಬಣ್ಣದ ಮೇಲೆ ತೆಳುವಾಗಿ ಎಷ್ಟು ಸಲ ಹಚ್ಚಬೇಕು ಎಂಬುದರ ಮೇಲೆ ರಾತ್ರಿಗಟ್ಟಲೆ ಚರ್ಚೆ ನಡೆಯುತ್ತದೆ. ಪರ್ಲ್ ಹಾರ್ಬರಿಗೆ ಹೋದ ಝೀರೋಗಳು ಬೂದು ಬಣ್ಣವಿದ್ದವೋ, ಹಸಿರು ಮಿಶ್ರಿತ ಕಂದು ಛಾಯೆಯಿದ್ದವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಜಪಾನಿ ಸೇನೆಯ ಬಣ್ಣ ಬೇಗ ಚಕ್ಕೆ ಏಳುತ್ತಿತ್ತು. ಆ ಚಕ್ಕೆಯನ್ನೂ ತರಬೇಕು, ಅದಕ್ಕೆ ಉಪ್ಪಿನ ಹರಳು ಅಂಟಿಸಿ, ಮೇಲೆ ಬಣ್ಣ ಊದಿ, ಆಮೇಲೆ ಉಪ್ಪನ್ನು ತೊಳೆಯುವ ಉಪಾಯ. ಇಷ್ಟು ಸತ್ಯಸಂಧರು ನಾವು. ಆದರೆ 1940ರ ಸೆಪ್ಟೆಂಬರ್ 13ರಂದು ಚೀನಾದ ಚೊಂಗ್‌ಚಿಂಗ್ ಬಳಿ ಹದಿಮೂರು ಝೀರೋಗಳು ಮೊದಲ ಸಲ ಕಾದಾಡಿದ ಸಂಗತಿಯನ್ನು, ಅವು ಕಾವಲು ಹೋದ ಬಾಂಬರುಗಳು ಆ ಊರಿನ ಸಂಸಾರಗಳ ಮೇಲೆ ಏನು ಸುರಿದವು ಎಂಬುದನ್ನು ಅದೇ ಸೂಕ್ಷ್ಮದಲ್ಲಿ ಯಾರೂ ಚರ್ಚಿಸುವುದನ್ನು ನಾನು ಕೇಳಿಲ್ಲ. ನಗೋಯಾದ ವಿಮಾನ ಕಾರ್ಖಾನೆಗೆ ಕೊರಿಯಾದಿಂದ ಶಾಲಾ ಹುಡುಗಿಯರನ್ನು ತಂದು ದುಡಿಸಿದ್ದರು. 2018ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟು ಅವರಿಗೆ ಪರಿಹಾರ ಕೊಡಬೇಕೆಂದು ಮಿತ್ಸುಬಿಷಿಗೆ ಹೇಳಿತು. ಅಷ್ಟು ಹೊತ್ತಿಗೆ ಅವರು ಮುದುಕಿಯರು.

‘ಅದು ಬರೀ ಪ್ಲಾಸ್ಟಿಕ್ ಅಲ್ವಾ’ ಎಂಬ ಸಮಾಧಾನ ನನಗೆ ಸಾಲದು. ಬರೀ ಪ್ಲಾಸ್ಟಿಕ್ ಆಗಿದ್ದರೆ ಬಣ್ಣಕ್ಕಾಗಿ ಅಷ್ಟು ಹೊಡೆದಾಡುತ್ತಿರಲಿಲ್ಲ. ‘ಇತಿಹಾಸ ತಿಳಿಯಲಿಕ್ಕೆ’ ಎಂಬುದೂ ಅರ್ಧ ಸುಳ್ಳು, ಇತಿಹಾಸಕ್ಕೆ ಪುಸ್ತಕ ಇದೆ. ಆಯುಧಪೂಜೆಯ ನೆಪ ಹೇಳುವವರೂ ಇದ್ದಾರೆ. ನಮ್ಮ ಆಯುಧಪೂಜೆಗೆ ಈಗ ಸ್ಕೂಟರು, ಕಂಪ್ಯೂಟರೇ ಗತಿ, ಬಿಡಿ.

ಇಂಡಿಯಾದವನಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷ್ ಹುಡುಗನಿಗೆ ಈ ವಿಮಾನಗಳು ಶತ್ರುವಿನವು, ಜಪಾನಿ ಹುಡುಗನಿಗೆ ಸೋತ ಅಜ್ಜನವು. ನಮಗೆ? 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದ್ದು ಜಪಾನಿ ಹಡಗಿನಿಂದ ಎದ್ದ ವಿಮಾನಗಳು. ಆ ಡಿಸೆಂಬರಿನಿಂದ ಕಲ್ಕತ್ತೆಯ ಮೇಲೆ ಬಂದದ್ದು ಕಿ-21 ಎಂಬ ಬಾಂಬರು. ಅದೇ ಜಾತಿಯ ವಿಮಾನವೊಂದು 1945ರ ಆಗಸ್ಟ್ 18ರಂದು ತೈಹೊಕುವಿನಲ್ಲಿ ಏಳುತ್ತಲೇ ಬಿತ್ತು, ಅದರಲ್ಲಿ ನೇತಾಜಿ ಇದ್ದರು. ಶಾನವಾಜ್ ಸಮಿತಿ, ಖೋಸ್ಲಾ ಆಯೋಗ ಇದನ್ನು ಒಪ್ಪಿದವು, ಮುಖರ್ಜಿ ಆಯೋಗ ಒಪ್ಪಲಿಲ್ಲ, 2006ರಲ್ಲಿ ಸರಕಾರ ಆ ಆಯೋಗದ ಮಾತನ್ನು ಒಪ್ಪಲಿಲ್ಲ. ಇತ್ತ 1940ರ ಡಿಸೆಂಬರಿನಲ್ಲಿ ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುಮಾಡಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ, ಇದೇ ಜಪಾನಿಗಳ ಮೇಲೆ ಹೋಗುವ ಅಮೆರಿಕನ್ ವಿಮಾನಗಳ ರಿಪೇರಿ ನಡೆಯಿತು. ಒಂದು ವಿಮಾನದ ರೆಕ್ಕೆಯ ಮೇಲೆ ಕೆಂಪು ಸೂರ್ಯನನ್ನು ಅಂಟಿಸುವಾಗ ನನ್ನ ಕೈ ಯಾರ ಪರ ಎಂದು ಹೇಳುವುದು ಸುಲಭವಲ್ಲ.

ಮುಂಬಯಿಯ ಮೇಲೆ ಜಪಾನಿ ಬಾಂಬು ಬೀಳಲಿಲ್ಲ. ಆದರೆ ಬಿತ್ತು ಎಂದು ಇಲ್ಲಿಯ ಜನ ಒಂದು ಸಂಜೆ ನಂಬಿದ್ದರು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಹೊತ್ತಿಕೊಂಡು ಸಿಡಿಯಿತು. ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಹತ್ತಿಯ ಅಂಡಿಗೆಗಳು, ಚಿನ್ನದ ಗಟ್ಟಿಗಳು, ಪೆಟ್ಟಿಗೆಯಲ್ಲಿ ಬಿಚ್ಚಿ ಕಟ್ಟಿದ ಸ್ಪಿಟ್‌ಫೈರ್ ವಿಮಾನಗಳು. ನೂರಾರು ಜನ ಸತ್ತರು. ಸತ್ತವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದವರು.

ಆ ಸಂಜೆ ಮಸ್ಜಿದ್ ಬಂದರಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ, ಉಡುಪಿ ಕಡೆಯಿಂದ ಒಂಬತ್ತರ ಪ್ರಾಯದಲ್ಲಿ ಬಂದ ಹುಡುಗ ಆಮೇಲೆ ನಮ್ಮ ಕಟ್ಟಡದಲ್ಲಿ ಅಜ್ಜನಾಗಿದ್ದರು. ‘ಜಪಾನಿನವ್ರು ಬಂದ್ರು, ಜಪಾನಿನವ್ರು ಬಂದ್ರು ಅಂತ ಎಲ್ರೂ ಓಡಿದ್ದೇ ಓಡಿದ್ದು. ಆಕಾಶ ನೋಡಿದ್ರೆ ಒಂದು ಕಾಗೆಯೂ ಇಲ್ಲ’ ಎನ್ನುತ್ತಿದ್ದರು. ಹತ್ತು ವರ್ಷದ ಹಿಂದೆ ಒಮ್ಮೆ ಸಕ್ಕರೆ ಕಾಯಿಲೆಯ ರಿಪೋರ್ಟು ಓದಿಸಲು ಬಂದವರು ಕಪಾಟಿನಲ್ಲಿದ್ದ ಝೀರೋವನ್ನು ಕೈಗೆ ತಗೊಂಡು, ಕನ್ನಡಕ ಮೇಲೇರಿಸಿ, ತುಂಬ ಹೊತ್ತು ನೋಡಿದರು.

‘ಇದ್ರೊಳಗೆ ಕೂತ್ಕೊಳ್ಳುವವ ಎಲ್ಲಿ ಮಾರಾಯಾ?’

‘ಅವನನ್ನ ಹಾಕಿಲ್ಲ ಅಜ್ಜ. ಹಾಕಿದ್ರೆ ಒಳಗಿನ ಕೆಲಸ ಏನೂ ಕಾಣೋದಿಲ್ಲ.’

‘ಹಾಗಾದ್ರೆ ಇದನ್ನ ಬಿಡ್ತಾ ಇದ್ದದ್ದು ಯಾರು, ಭೂತವಾ?’

ನಕ್ಕೆವು. ಆದರೆ ಅವರು ಕೇಳಿದ್ದು ಈ ಹವ್ಯಾಸದ ಗುಟ್ಟನ್ನೇ. ಹೆಚ್ಚಿನ ಕಿಟ್ಟುಗಳಲ್ಲಿ ಎರಡು ಸೆಂಟಿಮೀಟರೂ ಇಲ್ಲದ, ಕೂತ ಭಂಗಿಯ ಒಬ್ಬ ಪೈಲಟ್ ಇರುತ್ತಾನೆ. ಪಳಗಿದವರು ಅವನನ್ನು ಪಕ್ಕಕ್ಕಿಡುತ್ತಾರೆ. ಅವನು ಕೂತರೆ ಸೀಟಿನ ತೂತುಗಳು ಮರೆಯಾಗುತ್ತವೆ. ಆ ತೂತುಗಳನ್ನು ಎಣಿಸಿ ಕೊರೆದದ್ದು ವ್ಯರ್ಥವಾಗುತ್ತದೆ. ಅವನ ಜೀವವನ್ನು ತೆಳುಮಾಡಿದ ತೂತುಗಳು ಕಾಣಲಿ ಎಂದು ಅವನನ್ನೇ ತೆಗೆದಿಡುವುದು! ಕೊಂದವನೂ ಇಲ್ಲ, ಸತ್ತವನೂ ಇಲ್ಲ, ವಿಮಾನ ಮಾತ್ರ ನಿಷ್ಪಾಪಿಯಾಗಿ ಕಪಾಟಿನಲ್ಲಿ ನಿಂತಿರುತ್ತದೆ.

ಯುದ್ಧದ ವಾಹನವನ್ನು ಕಿರಿದಾಗಿಸಿ ಮಾಡುವುದು ಹೊಸ ಕೆಲಸವೇನಲ್ಲ. ಬೋರಿವಲಿ ಪಶ್ಚಿಮದ ಎಕ್ಸರ್ ಎಂಬಲ್ಲಿ ಕಟ್ಟಡಗಳ ನಡುವೆ ಕೆಲವು ವೀರಗಲ್ಲುಗಳಿವೆ. ಸೇವುಣರ ಮಹಾದೇವನಿಗೂ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ 1265ರ ಸುಮಾರಿಗೆ ನಡೆದ ಕಾಳಗದವು ಎಂದು ಬಹಳ ಇತಿಹಾಸಕಾರರ ಅಭಿಪ್ರಾಯ. ಸೇವುಣರು ಎಂದರೆ ನಮಗೆ ಹೊರಗಿನವರಲ್ಲ, ಅವರ ಶಾಸನಗಳು ನಮ್ಮ ಹಳ್ಳಿಗಳಲ್ಲೂ ಇವೆ. ಕನ್ನಡ ನಾಡಿನಲ್ಲಿ ವೀರಗಲ್ಲು ಕಾಣದ ಊರು ಕಡಿಮೆ, ಆದರೆ ಸಾಲಾಗಿ ಹುಟ್ಟು ಹಾಕುವ ಯುದ್ಧನಾವೆಗಳನ್ನು ಕೆತ್ತಿದ ಕಲ್ಲು ಅಪರೂಪ. ಆ ಶಿಲ್ಪಿಯೂ ನಮ್ಮ ಜಾತಿಯವನೇ. ನಾವೆಯ ಅಂದಕ್ಕೆ ಮರುಳಾಗದೆ ಅಷ್ಟು ಹುಟ್ಟುಗಳನ್ನು ಕೆತ್ತುತ್ತಿರಲಿಲ್ಲ. ಆದರೆ ಅವನು ಕೆಳಗಿನ ಪಟ್ಟಿಯಲ್ಲಿ ಕಾದಾಟವನ್ನು ಇಟ್ಟ ಮೇಲೆ, ಸತ್ತವನು ಎಲ್ಲಿ ಹೋದ ಎಂದು ಮೇಲಿನ ಪಟ್ಟಿಗಳಲ್ಲಿ ತೋರಿಸಲೇಬೇಕಿತ್ತು. ಆ ಕಲ್ಲು ನಿಂತಿರುವುದೇ ಸತ್ತವನಿಗಾಗಿ. ವೀರಸ್ವರ್ಗವನ್ನು ನಾನು ನಂಬುವುದಿಲ್ಲ. ಯುದ್ಧಕ್ಕೆ ಹುಡುಗರನ್ನು ಕಳಿಸಲು ಅದೂ ಒಂದು ಆಮಿಷವೇ. ಆದರೂ ನಾವೆಯ ಜೊತೆ ಸಾವನ್ನೂ ಕೆತ್ತಿದವನ ಕೆಲಸ ನನ್ನದಕ್ಕಿಂತ ಪ್ರಾಮಾಣಿಕ.

ಕಿರಿದಾಗಿಸುವಾಗ ಏನನ್ನು ಬಿಡುತ್ತೇವೆ ಎಂಬ ಪ್ರಶ್ನೆ ಹೊರನಾಡಿನವರಿಗೆ ವಿಮಾನದಲ್ಲೇ ಮುಗಿಯುವುದಿಲ್ಲ. ನಮ್ಮ ಊರೂ ನಮ್ಮ ಬಳಿ ಇದೇ ಅಳತೆಯಲ್ಲಿದೆ. ಮಾಟುಂಗಾದಲ್ಲಿ ತಾಳಮದ್ದಳೆ ಮುಗಿಸಿ ಲೋಕಲ್ ಹಿಡಿಯುವಾಗ ನಾವು ಹೊತ್ತು ತರುವ ಊರಿನಲ್ಲಿ ಗದ್ದೆಯ ಬದು, ತೇರು, ಮಾವಿನಮಿಡಿ ಎಲ್ಲ ಸರಿಯಾದ ಬಣ್ಣದಲ್ಲಿರುತ್ತವೆ. ಅಣ್ಣತಮ್ಮಂದಿರ ಕೋರ್ಟು ಕೇಸು ಇರುವುದಿಲ್ಲ. ಯಾರಿಗೆ ಯಾವ ಬಾವಿ ಎಂಬುದು ಇರುವುದಿಲ್ಲ. ಒಂಬತ್ತರ ಹುಡುಗನನ್ನು ಹಡಗು ಹತ್ತಿಸಿ ಲೋಟ ತೊಳೆಯಲು ಕಳಿಸಿದ ಹಸಿವಂತೂ ಇರುವುದೇ ಇಲ್ಲ. ಅದಕ್ಕೇ ಊರಿಗೆ ಹೋದ ಮೂರನೇ ದಿನಕ್ಕೆ ನಮಗೆ ಸಿಟ್ಟು ಬರುತ್ತದೆ, ಊರಿನವರಿಗೂ ನಮ್ಮನ್ನು ಕಂಡರೆ ಸಿಟ್ಟು ಬರುತ್ತದೆ.

ಹಾಗೆಂದು ಕಟ್ಟುವುದನ್ನು ಬಿಡಬೇಕೇ? ನನಗೆ ಹಾಗನ್ನಿಸಿಲ್ಲ. 1945ರ ಜೂನಿನಲ್ಲಿ ಅಮೆರಿಕದ ಬಾಂಬಿಗೆ ಸುಟ್ಟ ಶಿಝುವೊಕಾ ಎಂಬ ಊರೇ ಈಗ ಈ ಕಿಟ್ಟುಗಳ ರಾಜಧಾನಿ. ಅಲ್ಲಿಯ ಟಾಮಿಯಾ ಕಂಪನಿ 1960ರಲ್ಲಿ ತನ್ನ ಮೊದಲ ಪ್ಲಾಸ್ಟಿಕ್ ಕಿಟ್ಟಾಗಿ ಮಾಡಿದ್ದು ಮುಳುಗಿಹೋದ ಯಮಾಟೊ ಯುದ್ಧನೌಕೆಯನ್ನು. ಅದನ್ನು ಅಂಟಿಸಿದ ಮಕ್ಕಳು ಯುದ್ಧವನ್ನು ಬಯಸಿದರು ಎಂದು ಹೇಳಲಾರೆ. ಕೈಗೆ ಕೆಲಸ ಕೊಟ್ಟಾಗ ಮನಸ್ಸು ಒಂದು ವಸ್ತುವಿನ ಬಳಿ ಹೆಚ್ಚು ಹೊತ್ತು ಕೂರುತ್ತದೆ. ಸೀಟಿನ ತೂತಿನ ಅರ್ಥ ನನಗೆ ಹೊಳೆದದ್ದು ಅದನ್ನು ಸೂಜಿಯಲ್ಲಿ ಕೊರೆಯುವಾಗ.

ಈಗ ನನ್ನ ಮುಂದಿರುವುದು ಓಕಾ. ಹೆಸರಿನ ಅರ್ಥ ಚೆರ್ರಿ ಹೂವು. ಮೂತಿಯಲ್ಲಿ 1,200 ಕಿಲೋ ಸ್ಫೋಟಕ, ಬಾಲದಲ್ಲಿ ರಾಕೆಟ್ಟು, ನಡುವೆ ಒಬ್ಬ ಹುಡುಗ. ದೊಡ್ಡ ಬಾಂಬರಿನ ಹೊಟ್ಟೆಗೆ ಕಟ್ಟಿ ಒಯ್ದು, ಹಡಗು ಕಂಡಾಗ ಬಿಡುವುದು. 1945ರ ಮಾರ್ಚ್ 21ರಂದು ಮೊದಲ ಸಲ ಒಯ್ದಾಗ ಹೊತ್ತ ವಿಮಾನಗಳೆಲ್ಲ ಗುರಿ ಮುಟ್ಟುವ ಮೊದಲೇ ಉರುಳಿದವು. ಅಮೆರಿಕನ್ನರು ಇದನ್ನು ‘ಬಾಕಾ’ ಎಂದರು, ಜಪಾನಿಯಲ್ಲಿ ಮೂರ್ಖ ಎಂದರ್ಥ. ನಿಜವಾದದ್ದೊಂದು ದೆಹಲಿಯ ಪಾಲಂನಲ್ಲಿ ನಮ್ಮ ವಾಯುಪಡೆಯ ಮ್ಯೂಸಿಯಮ್ಮಿನ ಸಂಗ್ರಹದಲ್ಲೇ ಇದೆ. 1/72ರಲ್ಲಿ ರೆಕ್ಕೆಯಿಂದ ರೆಕ್ಕೆಗೆ ಏಳು ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ. ಕಿಟ್ಟಿನ ಭಾಗಗಳನ್ನು ಎಣಿಸುವಾಗ ಚಕ್ರ ಸಿಗುವುದಿಲ್ಲ. ಇಳಿಯುವ ಮಾತೇ ಇಲ್ಲದ ವಿಮಾನಕ್ಕೆ ಚಕ್ರ ಯಾಕೆ? ನೆಲದ ಮೇಲೆ ತಳ್ಳಲು ಒಂದು ಗಾಡಿ ಮಾತ್ರ ಇದೆ.

ಇದರಲ್ಲಿ ಪೈಲಟ್ಟನ್ನು ಕೂರಿಸುತ್ತಿದ್ದೇನೆ. ಒಳಗಿನ ಕೆಲಸ ಮುಚ್ಚಿಹೋಗುತ್ತದೆ, ಹೋಗಲಿ. ತೊಡಕು ಬಂದಿರುವುದು ಮುಖದ ಬಣ್ಣದಲ್ಲಿ. ಟಾಮಿಯಾದ ಎಕ್ಸ್‌ಎಫ್-15 ಡಬ್ಬಿಗೆ ಚರ್ಮದ ಬಣ್ಣ ಎಂದೇ ಹೆಸರು. ಜಪಾನಿ ಕಂಪನಿಯದಾದರೂ ಅದು ಗುಲಾಬಿ ಛಾಯೆಯದು, ಯುರೋಪಿನವರ ಮುಖಕ್ಕೆ ಹೊಂದುವಂಥದು. ಇಪ್ಪತ್ತರ ಆಸುಪಾಸಿನ ಜಪಾನಿ ಹುಡುಗನೊಬ್ಬನಿಗೆ ಅದರಲ್ಲಿ ಸ್ವಲ್ಪ ಕಂದು, ಒಂದು ತೊಟ್ಟು ಹಳದಿ ಬೆರೆಸಬೇಕು. ಎಷ್ಟು ಎಂದು ಯಾವ ಚಾರ್ಟಿನಲ್ಲೂ ಬರೆದಿಲ್ಲ.