ಹೆಸರಿನ ಋಣ

ಮೊನ್ನೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಗಣಿತದ ಮಿತ್ರರೊಬ್ಬರು, “ನನ್ನ ಎರ್ಡಿಶ್ ಸಂಖ್ಯೆ ನಾಲ್ಕು, ಗೊತ್ತೆ?” ಎಂದರು. ಹಾಗೆಂದರೇನೆಂದು ಕನ್ನಡದ ಮೇಷ್ಟರಾದ ನಾನು ಕೇಳಬೇಕಾಯಿತು.

ಪಾಲ್ ಎರ್ಡಿಶ್ (1913–1996) ಹಂಗೆರಿಯ ಗಣಿತಜ್ಞ. ಮನೆಮಠವಿಲ್ಲದೆ, ಕೈಪೆಟ್ಟಿಗೆ ಹಿಡಿದು ದೇಶದೇಶ ತಿರುಗಿ, ಮಿತ್ರರ ಮನೆಗಳಲ್ಲಿ ತಂಗಿ, ಅವರೊಡನೆ ಕೂಡಿ ಲೆಕ್ಕ ಬಿಡಿಸಿದವನು. ಬರೆದ ಪ್ರಬಂಧಗಳು ಸುಮಾರು 1500. ಜೊತೆಗೂಡಿ ಬರೆದವರು ಐನೂರಕ್ಕೂ ಹೆಚ್ಚು. ಅವನೊಡನೆ ಬರೆದವರ ಸಂಖ್ಯೆ ಒಂದು. ಅಂಥವರೊಡನೆ ಬರೆದವರದು ಎರಡು. ಐನ್‌ಸ್ಟೈನನದು ಎರಡು, ಅವನ ಸಹಾಯಕನಾಗಿದ್ದ ಅರ್ನ್ಸ್ಟ್ ಸ್ಟ್ರೌಸ್ ಎರ್ಡಿಶನೊಡನೆಯೂ ಬರೆದಿದ್ದ. ಹೀಗೆ ನಂಟು ಎಣಿಸುತ್ತ ಹೋದರೆ ವಿಜ್ಞಾನಿಗಳೆಲ್ಲ ಒಂದೇ ಊರಿನ ಬಂಧುಗಳಂತೆ ಕಾಣುತ್ತಾರೆ.

ಮಿತ್ರರು ಆ ಸಂಖ್ಯೆಯನ್ನು ಹಿರಿಮೆಯೆಂದು ಹೇಳಿಕೊಂಡರು. ದೊಡ್ಡವರ ನಂಟು ಯಾರಿಗೆ ಬೇಡ? ನನಗಾದರೋ ಅದು ಸಾಲದ ಲೆಕ್ಕವೆನಿಸಿತು. ನಮ್ಮ ಹಿರಿಯರು ಋಷಿಋಣವೆಂದದ್ದು ಇದನ್ನೇ ಅಲ್ಲವೆ? ಆ ಬಲೆಯ ಒಂದೊಂದು ಎಳೆಯೂ ‘ಇದು ನನ್ನೊಬ್ಬನದಲ್ಲ’ ಎಂಬ ಒಪ್ಪಿಗೆ.

ಆದರೆ ಬಲೆಯಲ್ಲಿ ಕಾಣುವುದು ಅಚ್ಚಾದ ಹೆಸರುಗಳು ಮಾತ್ರ. ಅಚ್ಚಾಗದವರ ಪಾಡೇನು?

ಹದಿನೈದು ವರ್ಷಗಳ ಹಿಂದೆ ಒಂದು ಓಲೆಗರಿಯ ಪ್ರತಿಯನ್ನು ಕುರಿತು ನಾನೊಂದು ಲೇಖನ ಬರೆದೆ. ಸವೆದ ಅಕ್ಷರಗಳನ್ನು ಓದಿ ಹೇಳಿದವರು ನಿವೃತ್ತರಾದ ಪಂಡಿತರೊಬ್ಬರು. ಎರಡು ಬೇಸಗೆ ಅವರ ಮನೆಯ ಜಗಲಿಯಲ್ಲಿ ಕುಳಿತು ಬರೆದುಕೊಂಡೆ. ಲೇಖನದಲ್ಲಿ ಮಾತ್ರ ಅವರ ಹೆಸರಿರಲಿಲ್ಲ. ಯಾರೂ ತೆಗೆಯಲಿಲ್ಲ, ನಾನೇ ಬಿಟ್ಟೆ. ಓದಿದ್ದು ಅವರೆಂದರೆ ನನ್ನದೇನು ಉಳಿದೀತೆಂಬ ಅಳುಕು. ಅಚ್ಚಾದ ಪ್ರತಿಯನ್ನು ಅವರು ಕಡೆಯ ಪುಟದವರೆಗೂ ಓದಿ, “ಚೆನ್ನಾಗಿದೆ. ಮೂರನೆಯ ಪುಟದಲ್ಲಿ ಒಂದು ಅಕ್ಷರ ತಪ್ಪಿದೆ, ನೋಡಿಕೊಳ್ಳಿ” ಎಂದರು. ಅಷ್ಟೇ.

2015ರಲ್ಲಿ, ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯ ಎರಡು ತಂಡಗಳು ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದುವು. ಅದರ ಕರ್ತೃಗಳು ಐದು ಸಾವಿರಕ್ಕೂ ಮಿಕ್ಕು; 33 ಪುಟಗಳಲ್ಲಿ 24 ಪುಟ ಅವರ ಮತ್ತು ಅವರ ಸಂಸ್ಥೆಗಳ ಹೆಸರುಗಳೇ. ಅಷ್ಟು ಹೆಸರಿದ್ದರೆ ಯಾರ ಹೆಸರೂ ಇಲ್ಲದಂತೆಯೇ ಎಂದು ನಗುವವರುಂಟು. ನಾನು ನಗಲಾರೆ. ಅವರಿಗೆ ಐದು ಸಾವಿರ ಹೆಸರಿಗೆ ಸ್ಥಳವಿತ್ತು. ನನಗೆ ಒಂದಕ್ಕೆ ಇರಲಿಲ್ಲ.

ಆ ಲೇಖನ ಈಗ ಒಂದು ಸಂಕಲನದಲ್ಲಿ ಸೇರುತ್ತಿದೆ. ಪಂಡಿತರ ಹೆಸರನ್ನು ನನ್ನ ಹೆಸರಿಗಿಂತ ಮೊದಲು ಬರೆದು ಕಳುಹಿಸಿದ್ದೇನೆ. ಮೂರನೆಯ ಪುಟದ ಅಕ್ಷರವನ್ನೂ ತಿದ್ದಿದ್ದೇನೆ. ಸರಿಯಾಯಿತೇ ಎಂದು ನೋಡಿ ಹೇಳಲು ಅವರಿಲ್ಲ.