ಕೊತ್ವಾಲನ ಪಾಪದಲ್ಲಿ ದೊರೆಯ ಪಾಲು

ಪುಣೆಯ ಮಾರ್ಕೆಟ್ ಯಾರ್ಡ್‌ನಲ್ಲಿ ಇಂದು ವಹಿವಾಟಿನ ಉಸ್ತುವಾರಿ ಬಾಜಾರ್ ಸಮಿತಿಯದು. ಪೊಲೀಸರು ಬೇರೆ, ನ್ಯಾಯಾಲಯ ಬೇರೆ. ಆದರೆ ಹಿಂದೆ ಪೇಶ್ವೆ ಆಡಳಿತದಲ್ಲಿ ಇದೇ ಊರಿನ ಪೇಟೆಯ ತೂಕ-ದರ, ರಾತ್ರಿ ಗಸ್ತು, ಬಂಧನ, ದಂಡ ಎಲ್ಲವೂ ಕೊತ್ವಾಲನ ಕೈಯಲ್ಲಿದ್ದವು. 1777ರಿಂದ ಘಾಶೀರಾಮ ಆ ಹುದ್ದೆಯಲ್ಲಿದ್ದು ಸುಲಿಗೆ, ಕಿರುಕುಳಗಳಿಗೆ ಕುಖ್ಯಾತನಾದ. 1791ರ ಆಗಸ್ಟ್‌ನಲ್ಲಿ ಅವನ ಇಕ್ಕಟ್ಟಾದ ಬಂದೀಖಾನೆಯಲ್ಲಿ ತೆಲುಗು ಬ್ರಾಹ್ಮಣರು 20ಕ್ಕೂ ಹೆಚ್ಚು ಮಂದಿ ಉಸಿರುಗಟ್ಟಿ ಸತ್ತರು. ಈ ಪಾಪ ಯಾರದು? ಪ್ರಜೆಗಳನ್ನು ಕಾಯದ ದೊರೆಗೆ ಅಧರ್ಮದ ಆರನೇ ಒಂದು ಪಾಲು ಸೇರುತ್ತದೆ ಎನ್ನುತ್ತದೆ ಮನುಸ್ಮೃತಿ.

ಅಧಿಕಾರಿ ಕದ್ದು ತಿನ್ನುವುದನ್ನು ಪತ್ತೆಹಚ್ಚುವುದು ಕಷ್ಟವೆಂದು ಅರ್ಥಶಾಸ್ತ್ರವೇ ಒಪ್ಪುತ್ತದಲ್ಲ, ಆಗ ಪೇಶ್ವೆಯ ಆಡಳಿತ ನಡೆಸುತ್ತಿದ್ದ ಮಂತ್ರಿ ನಾನಾ ಫಡ್ನವೀಸರ ತಪ್ಪೇನು ಎನ್ನಬಹುದು. ಆದರೆ ದೂರದ ದರ್ಬಾರುಗಳ ಗುಟ್ಟನ್ನು ಬೇಹುಗಾರರಿಂದ ತರಿಸಿಕೊಳ್ಳುತ್ತಿದ್ದವರಿಗೆ ಸ್ವಂತ ಊರಿನ ಚಾವಡಿಯ ಸುದ್ದಿ ಹದಿನಾಲ್ಕು ವರ್ಷ ಮುಟ್ಟಲಿಲ್ಲವೆಂದರೆ ನಂಬಲಾಗದು. ಕೊನೆಗೆ ಜನರ ಆಕ್ರೋಶಕ್ಕೆ ಮಣಿದು ಆಳುವವರು ಕೊತ್ವಾಲನನ್ನು ಗುಂಪಿಗೆ ಒಪ್ಪಿಸಿದರು. ಗುಂಪು ಅವನನ್ನು ಕಲ್ಲು ಹೊಡೆದು ಕೊಂದಿತು. ಅದರಿಂದ ನ್ಯಾಯ ಸಂದಿತೆನ್ನುವವರಿದ್ದಾರೆ. ವಿಚಾರಣೆಯಿಲ್ಲದ ಆ ಸಾವು ಒಬ್ಬನನ್ನು ಮುಗಿಸಿತು, ಮೇಲಿನವರನ್ನು ಪ್ರಶ್ನೆಯಿಂದ ಪಾರುಮಾಡಿತು. ಲೆಕ್ಕ ಕೇಳದೆ ಅಧಿಕಾರ ಕೊಟ್ಟವನೂ ಅಪರಾಧಿಯೇ.